ಕರೆಂಟ್ ಹೋಗಿರಲಿಲ್ಲ

"ಅಕ್ಕಾ, ಕರೆಂಟ್ ಹೋತೇನ?"

ಟ್ಯೂಬ್‌ಲೈಟ್ ಉರಿಯುತ್ತಲೇ ಇದೆ. ಮಹಾರಾಷ್ಟ್ರದ ಸಿಲ್ಲೋಡಿಗೆ ಸೊಸೆಯಾಗಿ ಹೋದ ತಂಗಿಯನ್ನು ನೋಡಲು ಬೀದರಿನಿಂದ ಬಂದವರು ನೀವು. ಅಂಗಳದಲ್ಲಿ ಮಾರುಕಟ್ಟೆಗೆ ಹೊರಟ ಹಸಿಮೆಣಸಿನಕಾಯಿ ಚೀಲಗಳು. ಬೆಳಗಿನಿಂದ ತಲೆನೋವೆಂದು ಮಲಗಿದ್ದವಳು ಈಗ ಕೈಯಾಡಿಸುತ್ತ ಬಾಗಿಲು ಹುಡುಕುತ್ತಾಳೆ, ಸಿಗುವುದು ಗೋಡೆ. ನೋಡನೋಡುತ್ತಲೇ ಕತ್ತು ಒಂದು ಕಡೆ ತಿರುಗುತ್ತದೆ, ಕೈಕಾಲು ಸೆಟೆದು ಅದುರತೊಡಗುತ್ತವೆ. "ಫಿಟ್ ಆಲೀ!" ಯಾರೋ ಅವಳ ಅಂಗೈಗೆ ಕೀಲಿಗೊಂಚಲು ತುರುಕುತ್ತಾರೆ. ಕಬ್ಬಿಣದಿಂದ ಏನೂ ಆಗದು. ನೀವು ಅವಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿಯುತ್ತೀರಿ, ಬಾಯಿಗೆ ಚಮಚ ತಂದವರನ್ನು ತಡೆಯುತ್ತೀರಿ.

108ರ ಆಂಬುಲೆನ್ಸ್ ಫುಲಂಬ್ರಿ ದಾಟಿ ಸಂಭಾಜಿನಗರದ 'ಘಾಟಿ' ತಲುಪುತ್ತದೆ. ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಊರವರು ಅನ್ನುವುದೇ ಹಾಗೆ. ಬಿಪಿ 200/120. ಡ್ಯೂಟಿ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಡುತ್ತಾರೆ. ಪಾಪೆ ಚಟ್ಟನೆ ಕಿರಿದಾಗುತ್ತದೆ. ಬೆರಳು ಎಷ್ಟೆಂದು ಕೇಳಿದರೆ ಮಾತ್ರ ತಂಗಿಗೆ ಏನೂ ಕಾಣದು. ಕಣ್ಣು ಸರಿಯಿದೆ, ಕೆಟ್ಟಿರುವುದು ಅದರ ಹಿಂದೆಲ್ಲೋ.

"ಗೋಳ್ಯಾ ಕೋಣತ್ಯಾ?" ಮಾತ್ರೆ ಯಾವುವು? ತಂಗಿಯ ಗಂಡ ದಪ್ಪನೆಯ ಫೈಲು ಚಾಚುತ್ತಾರೆ. ನೀವು ಕ್ಯಾರಿಬ್ಯಾಗನ್ನೇ ಮೇಜಿನ ಮೇಲೆ ಸುರಿಯುತ್ತೀರಿ. ಇಂಥ ಹೊತ್ತಿನಲ್ಲಿ ಫೈಲಿಗಿಂತ ಆ ಚೀಲವೇ ಮೇಲು. ಪ್ರೆಡ್ನಿಸೊಲೋನ್, ಹೈಡ್ರಾಕ್ಸಿಕ್ಲೋರೋಕ್ವಿನ್, ಟ್ಯಾಕ್ರೋಲಿಮಸ್. ಮೂರನೆಯದರ ಮೇಲೆ ಡಾಕ್ಟರರ ಬೆರಳು ನಿಲ್ಲುತ್ತದೆ. ಲೂಪಸ್ ಇವಳ ಮೂತ್ರಪಿಂಡಕ್ಕಿಳಿದಿತ್ತು. ತನ್ನ ಮೈಯನ್ನೇ ಕಡಿಯುವ ರೋಗನಿರೋಧಕ ಶಕ್ತಿಯನ್ನು ಕಟ್ಟಿಹಾಕಲು ಕೊಟ್ಟ ಮಾತ್ರೆ ಅದು. ಅದೇ ಅಪರೂಪಕ್ಕೆ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ, ಬಿಪಿಯನ್ನೂ ಏರಿಸುತ್ತದೆ. ಆಗ ನೀರಿನಂಶ ಮಿದುಳಿಗೆ ಒಸರುತ್ತದೆ, ಹೆಚ್ಚಾಗಿ ಹಿಂಭಾಗಕ್ಕೆ. ನೋಟ ಮೂಡುವುದು ಅಲ್ಲಿಯೇ.

ಎಂಆರ್‌ಐಯಲ್ಲಿ ಹಿಂದಲೆಯ ಎರಡೂ ಬದಿಗೆ ಬಿಳಿ ಮಚ್ಚೆಗಳು. ವೈದ್ಯರು ಇದಕ್ಕೆ 'ಪ್ರೆಸ್' ಅನ್ನುತ್ತಾರೆ. ಜೂಡಿ ಹಿಂಚಿ ಮತ್ತು ಸಂಗಡಿಗರು 1996ರಲ್ಲಿ ಇದನ್ನು ಮೊದಲು ವಿವರಿಸಿದಾಗ ಅವರ ಮುಂದಿದ್ದದ್ದು 15 ರೋಗಿಗಳು. ಅವರಲ್ಲಿ ಇಬ್ಬರಿಗೆ ಲೂಪಸ್. ಬಿಪಿ ಇಳಿಸಿ, ಔಷಧ ನಿಲ್ಲಿಸಿ ಅಥವಾ ತಗ್ಗಿಸಿದ ಮೇಲೆ ಹದಿನೈದೂ ಮಂದಿ ಎರಡು ವಾರದೊಳಗೆ ಚೇತರಿಸಿಕೊಂಡರು.

ರೋಗನಿರೋಧಕ ಶಕ್ತಿಯನ್ನು ಕಟ್ಟಿಹಾಕುವ ಔಷಧಗಳ ಪೆಟ್ಟೆಲ್ಲ ಹೀಗೆ ವಾಸಿಯಾಗುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಕೊಡುವ ನಟಾಲಿಜುಮಾಬನ್ನು 2005ರಲ್ಲಿ ಕೆಲಕಾಲ ಮಾರುಕಟ್ಟೆಯಿಂದ ತೆಗೆಯಬೇಕಾಯಿತು. ಮೈಯಲ್ಲಿ ಸುಮ್ಮನಿದ್ದ ಜೆಸಿ ವೈರಸ್ ಎದ್ದು ಕೆಲವರ ಮಿದುಳನ್ನೇ ಹಾಳುಗೆಡವಿತ್ತು.

ಮೂರನೆಯ ದಿನ ತಂಗಿ ನಿಮ್ಮ ಸೀರೆಯ ಬಣ್ಣ ಹೇಳುತ್ತಾಳೆ. ಅವಳ ಅತ್ತೆಯ ತೀರ್ಮಾನ ಆಗಲೇ ಆಗಿದೆ: ಈ ಮಾತ್ರೆಗಳನ್ನೆಲ್ಲ ಮೋರಿಗೆ ಹಾಕಿ. ಆ ಸಿಟ್ಟು ಅನ್ಯಾಯದ್ದಲ್ಲ. ಆದರೆ ಡಾಕ್ಟರು ಜಗ್ಗುವುದಿಲ್ಲ. ಸ್ಟಿರಾಯ್ಡ್ ದಿಢೀರನೆ ಬಿಟ್ಟರೆ ಜೀವಕ್ಕೇ ಅಪಾಯ. ಲೂಪಸ್ಸನ್ನು ಬಿಟ್ಟುಕೊಟ್ಟರೆ ಮೂತ್ರಪಿಂಡ ಉಳಿಯದು. ಟ್ಯಾಕ್ರೋಲಿಮಸ್ ಮಾತ್ರ ಬಂದ್, ಅದರ ಜಾಗಕ್ಕೆ ಮೈಕೋಫಿನೊಲೇಟ್, ಜೊತೆಗೆ ಬಿಪಿಯ ಮಾತ್ರೆ.

ಅತ್ತೆ ಹೊಸ ಸ್ಟ್ರಿಪ್ಪನ್ನು ತಿರುವಿ ತಿರುವಿ ನೋಡಿ, ಇದು ಮತ್ತೇನು ಮಾಡುತ್ತದೆಂದು ಕೇಳುತ್ತಾರೆ. ಡಾಕ್ಟರು ಕುರ್ಚಿ ಎಳೆದು ಕೂತು ಹೇಳತೊಡಗುತ್ತಾರೆ: ಇದನ್ನು ತಗೊಳ್ಳುವಷ್ಟು ದಿನ ಬಸಿರಾಗಕೂಡದು, ರಕ್ತಪರೀಕ್ಷೆ ತಪ್ಪಿಸಕೂಡದು, ಜ್ವರ ಬಂದರೆ ಮನೆಯಲ್ಲಿ ಕೂರಕೂಡದು.