ಅಟ್ಟಕ್ಕೆ ಹಾಕಿಸಿದ ಟೈಲ್ಸು

ಬೆಸಗರಹಳ್ಳಿಯ ನಮ್ಮ ಹಳೇ ಮನೆಯ ಅಟ್ಟಕ್ಕೆ ಟೈಲ್ಸ್ ಹಾಕಿಸಲೇಬೇಕೆಂದು ಹಟ ಹಿಡಿದವನು ನಾನು. ಮನೆಯಲ್ಲಿ ಬೇರೆ ಯಾರಿಗೂ ಅದು ಬೇಕಿರಲಿಲ್ಲ. ಅಪ್ಪನ ಕಾಲದಲ್ಲಿ ರಾಗಿ, ಅವರೆ ಮೂಟೆ ಇಡುತ್ತಿದ್ದ ಜಾಗವನ್ನು ಮಲಗುವ ಕೋಣೆ ಮಾಡಿಕೊಂಡು, ಹಲಗೆಯ ಮೇಲೆ ಪ್ಲಾಸ್ಟಿಕ್ ಕಾರ್ಪೆಟ್ ಅಂಟಿಸಿದ್ದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಅಂಚು ಎದ್ದು, ಅಡಿಯಲ್ಲಿ ಬೂಷ್ಟು ಹಿಡಿದು, ಕೋಣೆಯೆಲ್ಲ ಮುಗ್ಗಲು ವಾಸನೆ. ಕಾರ್ಪೆಟ್ಟೇ ಸರಿಯಿಲ್ಲ ಎಂದುಕೊಂಡೆ. ಸರಿದ ಹೆಂಚಿನ ಸಂದಿಯಿಂದ ಇಳಿದ ನೀರು ಹಲಗೆಗೂ ಕಾರ್ಪೆಟ್ಟಿಗೂ ನಡುವೆ ಸಿಕ್ಕಿಕೊಂಡು, ಆರಲು ದಾರಿ ಕಾಣದೆ ಕೊಳೆಯುತ್ತಿತ್ತು. ತಲೆಯೆತ್ತಿ ನೋಡಿದ್ದರೆ ಕಾಣುತ್ತಿತ್ತು. ನೋಡಲಿಲ್ಲ.

ಮನೆಯ ಬಾಗಿಲು, ಕಿಟಕಿ ಮಾಡಿಕೊಟ್ಟಿದ್ದ ಆಚಾರ್ರು ಆಗಿನ್ನೂ ಇದ್ದರು. "ಹಲಗೆ ಮಳ್ಗಾಲ್ದಲ್ಲಿ ಹಿಗ್ತದೆ, ಬ್ಯಾಸ್ಗೇಲಿ ಕುಗ್ತದೆ ಕನಪ್ಪ. ಅದ್ರ ಮ್ಯಾಲೆ ಕಲ್ಲು ಕೂರಿಸ್ಬ್ಯಾಡ" ಅಂದರು. ಅವರ ಎದುರಿಗೆ ಹೂಂಗುಟ್ಟಿ, ಮದ್ದೂರಿಗೆ ಹೋಗಿ ಟೈಲ್ಸ್ ಆರಿಸಿಕೊಂಡು ಬಂದೆ.

ಆಗ ಒಂದು ಸಣ್ಣ ಲೆಕ್ಕ ಹಾಕಿದ್ದರೂ ಸಾಕಿತ್ತು. 9 ಮಿಲಿಮೀಟರ್ ದಪ್ಪದ ಟೈಲು ಚದರಡಿಗೆ ಸುಮಾರು 2 ಕೆಜಿ ತೂಗುತ್ತದೆ. ಅದರಡಿಯ ಒಂದೂವರೆ ಇಂಚು ಸಿಮೆಂಟ್ ಗಾರೆ ಇನ್ನೂ 7 ಕೆಜಿ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ ಒಂದು ಟನ್ನಿಗೂ ಹೆಚ್ಚು. ಒಬ್ಬ ಆಳು ಸುತ್ತಿ ಹೆಗಲ ಮೇಲೆ ಹೊತ್ತು ಇಳಿಸಿದ ಕಾರ್ಪೆಟ್ಟಿನ ಜಾಗದಲ್ಲಿ ಅಷ್ಟು ಭಾರವನ್ನು ಮಣ್ಣುಗೋಡೆಯ ಮೇಲೆ ಕೂತ ತೊಲೆಗಳಿಗೆ ಹೊರಿಸಿದೆ. ಮೂಟೆಯನ್ನಾದರೆ ಬೇಕೆಂದಾಗ ಇಳಿಸಬಹುದು. ಇದು ಇಳಿಯುವ ಭಾರವಲ್ಲ.

ಮೊದಲು ಕೆಟ್ಟದ್ದು ಹಲಗೆ. ಹಸಿ ಗಾರೆಯ ನೀರು ಕುಡಿದು ಮೇಲ್ಮೈ ಹಿಗ್ಗಿತು, ಕೆಳಮೈ ಒಣಗಿಯೇ ಇತ್ತು, ಹಲಗೆ ಡೊಂಕಾಯಿತು. ಆಮೇಲೆ ಸಂದಿಗೆ ತುಂಬಿದ ಬಿಳಿ ಸಿಮೆಂಟ್ ಬಿರುಕು ಬಿಟ್ಟಿತು, ಬೆರಳಲ್ಲಿ ತಟ್ಟಿದರೆ ಟೈಲಿನಡಿ ಟೊಳ್ಳು ಸದ್ದು. ಹೆಂಚು ಹಾಗೇ ಸೋರುತ್ತಿತ್ತಲ್ಲ, ಮಳೆಗಾಲದ ಒಂದು ರಾತ್ರಿ ನಡುವಿನ ಎರಡು ಟೈಲು ಫಟ್ಟೆಂದು ಮೇಲೆದ್ದವು. ಬೆಳಗ್ಗೆ ಕೆಳಗಿಂದ ನೋಡಿದರೆ ತೊಲೆಯೊಂದು ಬಾಗಿತ್ತು, ಅದು ಕೂತಿದ್ದ ಗೋಡೆ ಸೀಳಿತ್ತು. ಆ ತೊಲೆ ತಾತ ಕುಯ್ಯಿಸಿದ್ದು. ಅವ್ವ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ, ಗೋಡೆಯ ಬಿರುಕನ್ನು ಸವರಿ ನೋಡಿ ಒಳಗೆ ಹೋದಳು. ದುಡ್ಡು ಹೋದದ್ದಕ್ಕಿಂತ ನನಗೆ ಅದೇ ಹೆಚ್ಚು ನೋವು ಕೊಟ್ಟಿತು.

ಮಿಸುಕುವ ನೆಲದ ಮೇಲೆ ಬಾಗದ ವಸ್ತು ನಿಲ್ಲುವುದಿಲ್ಲ ಎಂಬುದು ದೋಣಿ ಕಟ್ಟುವವರಿಗೆ ಚೆನ್ನಾಗಿ ಗೊತ್ತು. ಕೇರಳದ ಕೆಟ್ಟುವಳ್ಳಂ ದೋಣಿಗಳಲ್ಲಿ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುತ್ತಾರೆ, ಅಲೆ ಎತ್ತಿದರೆ ಇಡೀ ಮೈ ಕೊಂಚ ಬಳುಕುತ್ತದೆ. ಈಗಿನ ಫೈಬರ್ ದೋಣಿಯೂ ಬಳುಕುತ್ತದೆ. ಅದರೊಳಗೆ ನೆನೆದ ಕಾರ್ಪೆಟ್ ಕಿತ್ತು ಗಟ್ಟಿ ಟೈಲು ಅಂಟಿಸಿದರೆ ನನ್ನ ಅಟ್ಟದ ಪಾಡೇ. ಅಲ್ಲಿ ಹಗುರಾದ, ಬಾಗುವ ವಿನೈಲ್ ಹಾಳೆಯೇ ವಾಸಿ. ಟೈಲ್ಸಿಗೆ ಕಟ್ಟಡದವರು ಒಪ್ಪಿಕೊಂಡ ಮಿತಿಯೊಂದಿದೆ: ಭಾರ ಬಿದ್ದಾಗ ನೆಲ ತನ್ನ ಉದ್ದದ 360ರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಗ್ಗಬಾರದು. ಹತ್ತಡಿಯ ತೊಲೆಗೆ ಅದು ಬರೀ 8 ಮಿಲಿಮೀಟರ್ ಚಿಲ್ಲರೆ. ಹಿಂದಿನವರು ಅಟ್ಟದ ಮೇಲೆ ಮಣ್ಣು ಹರಡಿ ಸಗಣಿ ಸಾರಿಸುತ್ತಿದ್ದರು. ಬಿರುಕು ಬಿಟ್ಟರೆ ಮುಂದಿನ ಹಬ್ಬಕ್ಕೆ ಇನ್ನೊಮ್ಮೆ ಸಾರಿಸಿದರಾಯಿತು.

ಟೈಲ್ಸ್ ಒಡೆಸುವಾಗ ಉಳಿ ಏಟಿಗೆ ಅರ್ಧ ಹಲಗೆ ಹೋಯಿತು. ಈ ಸಲ ಮೊದಲು ಹೆಂಚು ಕೈಯಾಡಿಸಿ, ಬಾಗಿದ ತೊಲೆಗೆ ಕಂಬದ ಆಸರೆ ಕೊಟ್ಟು, ಆಮೇಲೆ ಹೊಸ ಹಲಗೆ ಹಾಕಿಸಿದ್ದೇನೆ. ಮೇಲೆ ಏನನ್ನೂ ಅಂಟಿಸಿಲ್ಲ, ಸುತ್ತಿ ಬಿಸಿಲಿಗೆ ಹಾಕಬಹುದಾದ ಚಾಪೆ ಅಷ್ಟೇ. ಅಟ್ಟಕ್ಕೆ ಟೈಲ್ಸ್ ಹಾಕಿಸಬಹುದೇ ಎಂದು ನೆಂಟರು ಕೇಳಿದರೆ, ನಡುಕೋಣೆಯಲ್ಲಿ ಒಂದು ತಟ್ಟೆ ನೀರಿಟ್ಟು ಯಾರನ್ನಾದರೂ ಅತ್ತಿಂದಿತ್ತ ನಡೆಸಿ ಎನ್ನುತ್ತೇನೆ. ನೀರು ಅಲುಗಿದರೆ ಟೈಲ್ಸ್ ಬೇಡ, ಆ ದುಡ್ಡನ್ನು ತೊಲೆಗೂ ಸೂರಿಗೂ ಹಾಕಿ.