ಸಮುದ್ರ ಒಣಗಿದ ಜಾಗದಲ್ಲಿ ಹಸಿರಿನ ಲೆಕ್ಕ

ಮೊಯ್ನಾಕ್‌ನಲ್ಲಿ ಹಡಗುಗಳು ಮರಳಿನ ಮೇಲೆ ನಿಂತಿವೆ. ತುಕ್ಕು ಹಿಡಿದ ಮೀನುಗಾರಿಕೆ ಹಡಗುಗಳ ಸಾಲು, ಸುತ್ತ ಮರಳು, ಅಲ್ಲೊಂದು ಇಲ್ಲೊಂದು ಪೊದೆ. ನೀರು ನೋಡಬೇಕಂದ್ರೆ ಇಲ್ಲಿಂದ ನೂರು ಕಿಲೋಮೀಟರ್‌ಗೂ ಹೆಚ್ಚು ಹೋಗಬೇಕು. ಉಜ್ಬೇಕಿಸ್ತಾನದ ಪಶ್ಚಿಮಕ್ಕಿರುವ ಕರಕಲ್ಪಕ್‌ಸ್ತಾನದ ಈ ಊರು ಒಂದು ಕಾಲಕ್ಕೆ ಅರಲ್ ಸಮುದ್ರದ ಬಂದರು. ಮೀನನ್ನು ಡಬ್ಬಿಗೆ ತುಂಬುವ ದೊಡ್ಡ ಕಾರ್ಖಾನೆಯೂ ಇಲ್ಲಿತ್ತು.

ಸಮುದ್ರ ಅನ್ನೋದು ಹೆಸರಿಗಷ್ಟೇ, ಇದು ಸರೋವರ. 1960ರಲ್ಲಿ ಇದರ ವಿಸ್ತಾರ ಸುಮಾರು 68,000 ಚದರ ಕಿ.ಮೀ. ಅಂದ್ರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಜಗತ್ತಿನ ನಾಲ್ಕನೇ ದೊಡ್ಡ ಸರೋವರ ಅದು. ಆಮೇಲೆ ಸೋವಿಯತ್ ಸರ್ಕಾರ ಹತ್ತಿ ಬೆಳೆಯೋದಕ್ಕೆ ಅಮು ದರಿಯಾ, ಸಿರ್ ದರಿಯಾ ಎರಡೂ ನದಿಗಳ ನೀರನ್ನು ಕಾಲುವೆಗಳಿಗೆ ತಿರುಗಿಸಿತು. ಸರೋವರ ಕುಗ್ಗುತ್ತಾ ಹೋಗಿ 1980ರ ದಶಕದ ಕೊನೆಗೆ ಎರಡು ಹೋಳಾಯಿತು. ಉತ್ತರದ ಚಿಕ್ಕ ಹೋಳು ಪೂರ್ತಿ ಕಜಾಕಸ್ತಾನಕ್ಕೆ ಸೇರಿತು. ದಕ್ಷಿಣದ ದೊಡ್ಡ ಹೋಳು ಎರಡೂ ದೇಶಗಳಲ್ಲಿ ಹರಡಿತ್ತು. ಒಣಗಿದ ತಳಕ್ಕೆ ಈಗ ಅರಲ್‌ಕುಮ್ ಅಂತ ಹೆಸರು. ಮನುಷ್ಯರೇ ಮಾಡಿದ ಮರುಭೂಮಿ!

ಒಂದೇ ಸಮಸ್ಯೆ, ಎರಡು ದಾರಿ

ಉತ್ತರ ಭಾಗಕ್ಕೆ ಸಿರ್ ದರಿಯಾ ನೀರು ಬರುತ್ತಿತ್ತು. ಆದರೆ ಬಂದ ನೀರು ದಕ್ಷಿಣಕ್ಕೆ ಹರಿದು ಆವಿಯಾಗಿ ಹೋಗುತ್ತಿತ್ತು. ಕಜಾಕಸ್ತಾನ ವಿಶ್ವಬ್ಯಾಂಕ್ ನೆರವಿನಿಂದ ನಡುವೆ ಸುಮಾರು 13 ಕಿ.ಮೀ. ಉದ್ದದ ಕೊಕ್-ಅರಲ್ ಒಡ್ಡು ಕಟ್ಟಿತು. ಅದು ಮುಗಿದಿದ್ದು 2005ರಲ್ಲಿ. ಅಂದುಕೊಂಡಿದ್ದಕ್ಕಿಂತ ಎಷ್ಟೋ ಬೇಗ ನೀರು ಏರಿತು, ಉಪ್ಪಿನಂಶ ಇಳಿಯಿತು, ಮೀನು ವಾಪಸ್ ಬಂತು. ಜೊತೆಗೆ ಮೀನುಗಾರರೂ ವಾಪಸ್ ಬಂದರು.

ದಕ್ಷಿಣಕ್ಕೆ ಆ ಭಾಗ್ಯ ಇರಲಿಲ್ಲ. ಅಮು ದರಿಯಾ ದೊಡ್ಡ ನದಿಯೇ, ಆದರೆ ಅದರ ನೀರೆಲ್ಲ ಹೊಲಗಳಲ್ಲೇ ಖರ್ಚಾಗಿಬಿಡುತ್ತದೆ. 2014ರಲ್ಲಿ ದಕ್ಷಿಣ ಅರಲ್‌ನ ಪೂರ್ವ ಭಾಗ ಪೂರ್ತಿ ಒಣಗಿದ್ದು ನಾಸಾ ಚಿತ್ರಗಳಲ್ಲಿ ಕಾಣಿಸಿತು. ಒಣ ತಳದಲ್ಲಿ ಉಳಿದದ್ದು ಉಪ್ಪು, ಹತ್ತಿ ಹೊಲಗಳಿಂದ ಹರಿದು ಬಂದ ಗೊಬ್ಬರ, ಕೀಟನಾಶಕ. ಗಾಳಿ ಎದ್ದರೆ ಇದೆಲ್ಲ ಜನರ ಮೂಗು, ಬಾಯಿ ಸೇರುತ್ತದೆ. 2018ರ ಮೇ ತಿಂಗಳಲ್ಲಿ ಭಾರೀ ಉಪ್ಪಿನ ಬಿರುಗಾಳಿ ಬಂತು. ಅದೇ ವರ್ಷದ ಕೊನೆಗೆ ಉಜ್ಬೇಕಿಸ್ತಾನ ದೊಡ್ಡ ಪ್ರಮಾಣದಲ್ಲಿ ಸಕ್ಸೌಲ್ ಗಿಡ ಬೆಳೆಸಲು ಹೊರಟಿತು. ಟ್ರ್ಯಾಕ್ಟರ್‌ನಿಂದ ಸಾಲು ಹೊಡೆದು, ವಿಮಾನದಿಂದ ಬೀಜ ಎರಚಿ, ಲಕ್ಷಾಂತರ ಹೆಕ್ಟೇರ್‌ನಲ್ಲಿ ಕೆಲಸ ಆಗಿದೆ. ನೋಡೋಕೆ ಅಂಥ ಚೆಂದದ ಗಿಡವೇನಲ್ಲ ಬಿಡಿ. ಆದರೆ ಬರ, ಉಪ್ಪು ತಡೆದುಕೊಂಡು ಬೇರಿನಿಂದ ಮರಳು ಹಿಡಿದಿಡುತ್ತದೆ.

ಗ್ರಾಫ್ ಏರಿದರೆ ಒಳ್ಳೆಯದಾ?

ಸಾಫ್ಟ್‌ವೇರ್‌ನವರಿಗೆ ಡೇಟಾ ನೋಡದಿದ್ದರೆ ಸಮಾಧಾನ ಇರಲ್ಲ, ಅಲ್ವಾ? ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಭೂ ಹೊದಿಕೆ ನಕ್ಷೆಗಳು 1992ರಿಂದ ಸಿಗುತ್ತವೆ. ಗಿಡ, ಹುಲ್ಲು ಎಲ್ಲ ಸೇರಿ ಶೇ 15ಕ್ಕಿಂತ ಕಡಿಮೆ ಇರುವ ಜಾಗಕ್ಕೆ ಅದರಲ್ಲಿ ‘ವಿರಳ ಸಸ್ಯ’ದ ಬೇರೆ ವರ್ಗವೇ ಇದೆ. ಎರಡು ದೇಶಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಹೋಲಿಕೆ ಮುಗೀತು ಅನ್ನಿಸುತ್ತೆ. ಇಲ್ಲ.

ಮೊದಲನೆಯದು, ಗಾತ್ರ. ಕಜಾಕಸ್ತಾನ ಸುಮಾರು 27 ಲಕ್ಷ ಚದರ ಕಿ.ಮೀ. ಉಜ್ಬೇಕಿಸ್ತಾನ ನಾಲ್ಕೂವರೆ ಲಕ್ಷದ ಆಸುಪಾಸು. ಆರು ಪಟ್ಟು ವ್ಯತ್ಯಾಸ ಇರುವಾಗ ಚದರ ಕಿಲೋಮೀಟರ್ ಹೋಲಿಸಿ ಪ್ರಯೋಜನ ಇಲ್ಲ, ಶೇಕಡಾವಾರು ನೋಡಬೇಕು.

ಎರಡನೆಯದು, ಪಿಕ್ಸೆಲ್. ಈ ನಕ್ಷೆಯ ಒಂದು ಚೌಕದ ಬದಿ 300 ಮೀಟರ್, ಅಂದ್ರೆ ಸುಮಾರು 22 ಎಕರೆ. ಅಷ್ಟು ದೊಡ್ಡ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಸಕ್ಸೌಲ್ ಇದ್ದರೆ ಅದು ಲೆಕ್ಕಕ್ಕೇ ಬರದೆ ಹೋಗಬಹುದು.

ಮೂರನೆಯದೇ ಮುಖ್ಯ. ವಿರಳ ಸಸ್ಯದ ಜಾಗ ಹೆಚ್ಚಾಯಿತು ಅಂದ್ರೆ ಯಾವುದು ಕಡಿಮೆಯಾಗಿ ಹೆಚ್ಚಾಯಿತು? ಬರಿ ಮರಳಿದ್ದಲ್ಲಿ ಗಿಡ ಬಂದಿದ್ದರೆ ಅದು ಗೆಲುವು. ದನ, ಕುರಿ ವಿಪರೀತ ಮೇದು ಹುಲ್ಲುಗಾವಲು ಬೋಳಾಗಿದ್ದರೆ ಅದು ಸೋಲು. ಗ್ರಾಫ್‌ನಲ್ಲಿ ಎರಡೂ ಏರುಗೆರೆಯೇ. ಇಳಿದರೂ ಅಷ್ಟೇ. ಉತ್ತರ ಅರಲ್‌ನಲ್ಲಿ ಪೊದೆ ಬೆಳೆದಿದ್ದ ಒಣ ತಳದ ಮೇಲೆ ನೀರು ಬಂದರೆ ವಿರಳ ಸಸ್ಯದ ಜಾಗ ಕಡಿಮೆಯಾಗುತ್ತದೆ, ಊರಿನವರಿಗೆ ಮಾತ್ರ ಖುಷಿ. ಹಾಗಾಗಿ ಒಟ್ಟು ಮೊತ್ತ ಬಿಟ್ಟು, ಪ್ರತಿ ಚೌಕ ಏನಾಗಿತ್ತು, ಏನಾಯಿತು ಅನ್ನೋದನ್ನೇ ನೋಡಬೇಕು.

ಹಾಗೆ ನೋಡಿದರೆ ಉಜ್ಬೇಕಿಸ್ತಾನ ಸೋತಿತು, ಕಜಾಕಸ್ತಾನ ಗೆದ್ದಿತು ಅಂತ ಸುಲಭವಾಗಿ ಹೇಳೋಕಾಗಲ್ಲ. ಒಬ್ಬರಿಗೆ ಒಡ್ಡು ಕಟ್ಟಿ ನೀರು ನಿಲ್ಲಿಸುವ ಅವಕಾಶ ಇತ್ತು. ಇನ್ನೊಬ್ಬರಿಗೆ ಉಳಿದದ್ದು ಮರಳನ್ನು ಹಿಡಿದಿಡುವ ಕೆಲಸ. ಈಗ ಅಫ್ಘಾನಿಸ್ತಾನ ಅಮು ದರಿಯಾದಿಂದಲೇ ನೀರು ಒಯ್ಯಲು 285 ಕಿ.ಮೀ. ಉದ್ದದ ಕೋಶ್ ತೆಪಾ ಕಾಲುವೆ ತೋಡುತ್ತಿದೆ. ಅವರಿಗೂ ಹೊಲಗಳಿವೆ, ಹಸಿವಿದೆ. ಆದರೆ ನದಿಯ ಕೊನೆಯಲ್ಲಿರೋದು ಇದೇ ಕರಕಲ್ಪಕ್‌ಸ್ತಾನ.

ಹೋಗೋ ಮನಸ್ಸಿದ್ದರೆ ತಾಷ್ಕೆಂಟ್‌ನಿಂದ ನುಕುಸ್‌ಗೆ ವಿಮಾನ ಇದೆ, ಅಲ್ಲಿಂದ ಕಾರಿನಲ್ಲಿ ಸುಮಾರು 200 ಕಿ.ಮೀ. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯ ಕಾಲ. ಹೊರಡುವ ಮುಂಚೆ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದ ಈ ಜಾಗ ನೋಡಿ. ನೀಲಿ ಹೇಗೆ ಬಿಳಿಯಾಯಿತು ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತೆ. ಮೊಣಕಾಲೆತ್ತರದ ಸಕ್ಸೌಲ್ ನೋಡೋಕೆ ಮಾತ್ರ ಅಲ್ಲಿಗೇ ಹೋಗಬೇಕು.