ಪಂಚಿಂಗ್ ರೂಮಿನ ಅಕ್ಕನಿಗೆ

ಸನಿವೇಲ್, ಕ್ಯಾಲಿಫೋರ್ನಿಯಾ
ಶನಿವಾರ ರಾತ್ರಿ

ಪ್ರೀತಿಯ ಅಕ್ಕ,

ನಿಮ್ಮ ಮಂಡಿನೋವು ಹೇಗಿದೆ? ಈ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅರ್ಧ ಹೇಳುವಷ್ಟರಲ್ಲಿ ನಿಮ್ಮ ಮೊಮ್ಮಗ ಫೋನು ಕಿತ್ತುಕೊಳ್ಳುತ್ತಾನೆ, ಅದಕ್ಕೇ ಕಾಗದ.

ಇವತ್ತು ಮಗಳು ಪಕ್ಕದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದಳು. ನಮ್ಮ ಕಾರ್ಖಾನೆಯಲ್ಲಿದ್ದಂಥ ಐಬಿಎಂ 1401 ಕಂಪ್ಯೂಟರ್ ಅಲ್ಲಿದೆ ಅಕ್ಕ! ಸುಮ್ಮನೆ ನಿಲ್ಲಿಸಿಟ್ಟ ಪೆಟ್ಟಿಗೆಯಲ್ಲ, ಓಡುತ್ತದೆ. ಅದೂ ಒಂದಲ್ಲ, ಎರಡು. ಒಂದು ಜರ್ಮನಿಯ ಹಾಮ್ ಎಂಬ ಊರಿನಿಂದ 2004ರಲ್ಲಿ ಬಂದದ್ದು, ಇನ್ನೊಂದು ಇಲ್ಲಿಯದೇ, ಕನೆಕ್ಟಿಕಟ್ ರಾಜ್ಯದ್ದು. ರಾಬರ್ಟ್ ಗಾರ್ನರ್ ಎಂಬುವರ ಮುಂದಾಳತ್ವದಲ್ಲಿ ರಿಟೈರಾದ ಎಂಜಿನಿಯರುಗಳೆಲ್ಲ ಸೇರಿಕೊಂಡು ವರ್ಷಗಟ್ಟಲೆ ಕೂತು ರಿಪೇರಿ ಮಾಡಿದ್ದಾರೆ, ಕೂಲಿಯಿಲ್ಲದೆ. ತಮಾಷೆ ಏನೆಂದರೆ ಮ್ಯೂಸಿಯಮ್ಮಿನ ಬಾಗಿಲ ನಂಬರೂ 1401. ಮೊದಲು ಬೇರೆ ಕಂಪನಿಯವರು ಇದ್ದ ಕಟ್ಟಡ. ನಂಬರು ತಾನಾಗಿ ಕೂಡಿಬಂದಿದೆ.

ಒಳಗೆ ಹೋಗುತ್ತಲೇ ಪ್ರಿಂಟರ್ ಶುರುವಾಯಿತು. ಅದೇ 1403, ನಿಮಿಷಕ್ಕೆ 600 ಸಾಲು, ಸಾಲಿಗೆ 132 ಅಕ್ಷರ. ಮಗಳು ಕಿವಿ ಮುಚ್ಚಿಕೊಂಡಳು. ನನಗೆ ಮಾತ್ರ ಬಟವಾಡೆಯ ಹಿಂದಿನ ರಾತ್ರಿ ನೆನಪಾಯಿತು: ಪೇ ಸ್ಲಿಪ್ಪು ಮುಗಿಯುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ, ಕ್ಯಾಂಟೀನಿನಿಂದ ಬಂದ ಉಪ್ಪಿಟ್ಟು ಆರಿ ಗಟ್ಟಿಯಾಗಿರುತ್ತಿತ್ತು.

ತೋರಿಸುತ್ತಿದ್ದವರು ವಯಸ್ಸಾದ ದೊಡ್ಡ ಮನುಷ್ಯರು, ಬಹಳ ಸೊಗಸಾಗಿ ವಿವರಿಸಿದರು. 1959ರಲ್ಲಿ ಬಂದದ್ದು, ತಿಂಗಳಿಗೆ 2,500 ಡಾಲರಿನಿಂದ ಬಾಡಿಗೆ ಶುರು, ನೆನಪಿನ ಶಕ್ತಿ ಕಡಿಮೆಯೆಂದರೆ 1,400 ಅಕ್ಷರ, ಹೆಚ್ಚೆಂದರೆ 16,000. ಅದನ್ನು ಕೇಳಿ ಸುತ್ತಲಿದ್ದ ಹುಡುಗರೆಲ್ಲ ನಕ್ಕರು. ನನಗೆ ಸ್ವಲ್ಪ ಸಿಟ್ಟೇ ಬಂತು. ಇಡೀ ಕಾರ್ಖಾನೆಯನ್ನು ಅದು ಯಾಕೆ ನೆನಪಿಟ್ಟುಕೊಳ್ಳಬೇಕು? ಒಬ್ಬೊಬ್ಬರ ಕಾರ್ಡು ಬಂದಾಗ ಅವರೊಬ್ಬರನ್ನು ನೆನೆದರೆ ಸಾಕು. ಹಾಜರಿ, ಓಟಿ, ಪಿಎಫ್ ಕೂಡಿ ಕಳೆದು, ಒಂದು ಸಾಲು ಅಚ್ಚು ಹಾಕಿ, ಹೊಸ ಪಿಎಫ್ ಬಾಕಿಯನ್ನು ಇನ್ನೊಂದು ಕಾರ್ಡಿಗೆ ತೂತು ಹೊಡೆದು, ಅವರನ್ನು ಮರೆತು ಮುಂದಿನವರಿಗೆ. ಕಾರ್ಖಾನೆಯ ನೆನಪೆಲ್ಲ ಇದ್ದದ್ದು ಕಬ್ಬಿಣದ ಬೀರುಗಳಲ್ಲಿ, ನಾವು ತುಂಬಿಟ್ಟ ಕಾರ್ಡುಗಳಲ್ಲಿ.

ಅವರ ವಿವರಣೆಯಲ್ಲಿ ಟ್ರಾನ್ಸಿಸ್ಟರ್ ಬಂತು, ಕೋರ್ ಮೆಮೊರಿ ಬಂತು, ನಿಮಿಷಕ್ಕೆ 800 ಕಾರ್ಡು ಓದುವ ರೀಡರ್ ಬಂತು. ಕೊನೆಗೆ ಕಾರ್ಡಿಗೆ ತೂತು ಹೊಡೆಯುವ ಕೀಪಂಚ್‌ಗೆ ಬಂದಾಗ ಎರಡೇ ಮಾತು. ವೆರಿಫೈಯರ್ ಎಂಬ ಶಬ್ದ ಅವರ ಬಾಯಿಂದ ಹೊರಡಲೇ ಇಲ್ಲ! ನಿಮ್ಮ ಶಿಷ್ಯೆ ಸುಮ್ಮನಿದ್ದಾಳೆಯೇ? ಕೈ ಎತ್ತಿದೆ. ಬೆಂಗಳೂರಿನಲ್ಲಿ ಪಂಚ್ ಆಪರೇಟರ್ ಆಗಿದ್ದೆ ಅಂದೆ. ಅವರು ಒಂದು ಗಳಿಗೆ ನೋಡಿ, ಕುರ್ಚಿ ಎಳೆದು ನನ್ನನ್ನೇ 026 ಯಂತ್ರದ ಮುಂದೆ ಕೂರಿಸಿದರು.

ಅಕ್ಷರಗಳಿಗೆ ತಡವರಿಸಿದೆ. ಅಂಕಿಗಳಿಗೆ ಇಲ್ಲ. ಬಲಗೈಯ ಕೆಳಗೆ ಮೇಲಿನ ಸಾಲಿನಲ್ಲಿ 1-2-3, ನಡುವೆ 4-5-6, ಕೆಳಗೆ 7-8-9. ಬ್ಯಾಂಕಿನ ಹುಡುಗಿಯರ ಕ್ಯಾಲ್ಕುಲೇಟರಿನಲ್ಲಿ ಇದೇ ತಲೆಕೆಳಗು, ಅದಕ್ಕೇ ನನಗೆ ಇವತ್ತಿಗೂ ಅದು ಒಗ್ಗುವುದಿಲ್ಲ, ಮೊಬೈಲು ಒಗ್ಗುತ್ತದೆ. ಹೆಸರು ಹೊಡೆಯಿರಿ ಅಂದರು, ಎಲ್ಲರೂ ಅದನ್ನೇ ಮಾಡುತ್ತಾರಂತೆ. ನಾನು ಹೆಸರಿನ ಜೊತೆಗೆ ನನ್ನ ಟೋಕನ್ ನಂಬರನ್ನೂ ಹೊಡೆದೆ.

ಆಮೇಲೆ ನಿಮ್ಮ ವೆರಿಫೈಯರಿನ ಕಥೆ ಹೇಳಿದೆ, ನನಗೆ ಬಂದ ಇಂಗ್ಲಿಷಿನಲ್ಲಿ. ಹುಡುಗಿಯೊಬ್ಬಳು ಹೊಡೆದ ಕಾರ್ಡನ್ನು ಇನ್ನೊಬ್ಬಳು ಅದೇ ಚೀಟಿ ನೋಡಿಕೊಂಡು ಮತ್ತೆ ಹೊಡೆಯಬೇಕು. ಈ ಸಲ ತೂತು ಬೀಳುವುದಿಲ್ಲ. ಇರುವ ತೂತಿಗೆ ಬೆರಳು ತಾಳೆಯಾಗುತ್ತದೆಯೇ ಎಂದು ಯಂತ್ರ ನೋಡುತ್ತದೆ. ಆಗದಿದ್ದರೆ ಬೀಗ ಹಾಕಿಕೊಂಡು ನಿಲ್ಲುತ್ತದೆ. ಮೂರನೆಯ ಸಲವೂ ತಾಳೆಯಾಗದಿದ್ದರೆ ಆ ಕಾಲಮ್ಮಿನ ನೆತ್ತಿಯ ಮೇಲೆ ಒಂದು ಕಚ್ಚು. ಎಂಬತ್ತೂ ಕಾಲಮ್ಮು ಸರಿಯಿದ್ದರೆ ಬಲ ಅಂಚಿನಲ್ಲಿ ಕಚ್ಚು. ನೀವು ಕಟ್ಟನ್ನು ಕುಟ್ಟಿ ಸಮ ಮಾಡಿ ಬಲ ಅಂಚನ್ನು ದೀಪಕ್ಕೆ ಹಿಡಿಯುತ್ತಿದ್ದಿರಲ್ಲ, ಕಚ್ಚುಗಳೆಲ್ಲ ಸೇರಿ ಉದ್ದನೆ ಗೀರಾಗಿ ಕಾಣುತ್ತಿತ್ತು. ಎಲ್ಲಿ ಗೀರು ಕಡಿದಿದೆಯೋ ಅಲ್ಲಿ ಪರೀಕ್ಷೆಯಾಗದ ಕಾರ್ಡು ನುಸುಳಿದೆ ಎಂದು ಲೆಕ್ಕ. ನೆತ್ತಿ ಕಚ್ಚಿದ ಕಾರ್ಡನ್ನು ನೀವು ಹೆಸರು ಕೂಗದೆ ನಮ್ಮ ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟು ಹೋಗುತ್ತಿದ್ದದ್ದನ್ನೂ ಹೇಳಿದೆ. "ಒಂದೇ ಕೆಲಸ ಎರಡು ಸಲ ಯಾಕಮ್ಮಾ?" ಎಂದಳು ಮಗಳು. ಸಾಫ್ಟ್‌ವೇರ್‌ನಲ್ಲಿರುವವಳು ಕೇಳುವ ಪ್ರಶ್ನೆಯೇ? 48 ಗಂಟೆ 84 ಆದರೆ ಯಂತ್ರ ಬಾಯಿ ಬಿಡದೆ 84ಕ್ಕೇ ಸಂಬಳ ಕಟ್ಟುತ್ತದೆ, ಬಟವಾಡೆ ಕಿಟಕಿಯಲ್ಲಿ ಜಗಳ ಶುರುವಾಗುವುದು ಆಮೇಲೆ ಅಂದೆ.

ಆ ಪುಣ್ಯಾತ್ಮರು ಕಿಸೆಯಿಂದ ಚೀಟಿ ತೆಗೆದು ಬರೆದುಕೊಂಡರು. ಯಂತ್ರದ ಒಳಗಿನದೆಲ್ಲ ಅವರಿಗೆ ಗೊತ್ತು, ಪ್ರತಿಯೊಂದು ತಂತಿಯ ಜಾತಕ ಹೇಳುತ್ತಾರೆ. ಯಂತ್ರ ಹೇಳಿದ್ದೆಲ್ಲ ಸರಿ ಎಂದು ಜನ ಯಾಕೆ ನಂಬುತ್ತಿದ್ದರು ಎನ್ನುವುದು ಮಾತ್ರ ನಮ್ಮ ರೂಮಿನವರಿಗೆ ಗೊತ್ತು. ಮಳೆಗಾಲದಲ್ಲಿ ಕಾರ್ಡು ತೇವ ಕುಡಿದು ಉಬ್ಬಿ ರೀಡರಿನಲ್ಲಿ ಸಿಕ್ಕಿಕೊಂಡು ಚಿಂದಿಯಾಗುತ್ತಿದ್ದದ್ದು, ಆ ಚಿಂದಿ ಜೋಡಿಸಿ ಮತ್ತೆ ಹೊಡೆಯಲು ನಮ್ಮನ್ನೇ ಕರೆಯುತ್ತಿದ್ದದ್ದು, ಇದೆಲ್ಲ ಯಾವ ಕೈಪಿಡಿಯಲ್ಲಿದೆ? ಕಟ್ಟು ಕೈಜಾರಿ ಬಿದ್ದರೂ ಕ್ರಮ ತಪ್ಪದಿರಲೆಂದು ಮೇಲಂಚಿಗೆ ಓರೆಯಾಗಿ ಗೆರೆ ಎಳೆಯುವ ಉಪಾಯ ಮಾತ್ರ ಅವರಿಗೂ ಗೊತ್ತಿತ್ತು. ಅಲ್ಲಿ ಇಬ್ಬರೂ ನಕ್ಕೆವು.

ಒಂದು ಸಂಗತಿ ಓದಿ ಮನಸ್ಸು ಕಹಿಯಾಯಿತು. 1964ರಲ್ಲೇ ಸಿಸ್ಟಮ್ 360 ಬಂದು 1401 ಇಲ್ಲಿ ಹಳತಾಗಿತ್ತು. ಐಬಿಎಂ ಇದರ ಮಾರಾಟ ನಿಲ್ಲಿಸಿದ್ದು 1971ರಲ್ಲಿ. ಅದೇ ವರ್ಷ ತಾನೆ ನಾನು ಕೆಲಸಕ್ಕೆ ಸೇರಿದ್ದು? ಇಲ್ಲಿ ಬಳಸಿ ಬಿಟ್ಟದ್ದನ್ನು ನಮ್ಮ ದೇಶದಲ್ಲಿ ಮತ್ತೆ ಸರಿಮಾಡಿ ಬಾಡಿಗೆಗೆ ಕೊಡುತ್ತಿದ್ದರು, ದೊಡ್ಡಮ್ಮನ ಮಗಳ ಹಳೇ ಲಂಗವನ್ನು ಹಬ್ಬಕ್ಕೆ ಹೊಸದೆಂದು ಉಡಿಸಿದ ಹಾಗೆ. ನಾವೋ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಿದ್ದೆವು! ವಿದೇಶಿ ಪಾಲು ನೂರಕ್ಕೆ 40ಕ್ಕೆ ಇಳಿಸಿ ಎಂದು 1973ರ ಫೆರಾ ಕಾನೂನು ಪಟ್ಟು ಹಿಡಿದು, ಒಪ್ಪದೆ ಐಬಿಎಂ 1978ರಲ್ಲಿ ಹೊರಟುಹೋದಾಗ ನಾವೆಲ್ಲ ಕೆಲಸ ಹೋಯಿತೆಂದು ಅತ್ತದ್ದು ನೆನಪಿದೆಯೇ? ಸಿಎಂಸಿ ಕಂಪನಿಯವರು ಬಂದು ಯಂತ್ರಗಳನ್ನು ನೋಡಿಕೊಂಡರು, ಏನೂ ಆಗಲಿಲ್ಲ. ಅಳದವರು ನೀವೊಬ್ಬರೇ.

ಇನ್ನೊಂದು. ಐಸ್‌ಲ್ಯಾಂಡಿನಲ್ಲಿ ಇದೇ ಯಂತ್ರ ನೋಡಿಕೊಳ್ಳುತ್ತಿದ್ದ ಎಂಜಿನಿಯರೊಬ್ಬರು ಅದರ ಮೆಮೊರಿಯ ಪಕ್ಕ ರೇಡಿಯೊ ಇಟ್ಟು, ಹೊರಡುವ ಸದ್ದನ್ನು ಟೇಪಿನಲ್ಲಿ ಹಿಡಿದಿದ್ದರಂತೆ. ಅವರ ಮಗ ಯೋಹಾನ್ ಯೋಹಾನ್ಸನ್ ಅದರ ಸುತ್ತ ಸಂಗೀತ ಕಟ್ಟಿ 2006ರಲ್ಲಿ ಆಲ್ಬಮ್ ತಂದಿದ್ದಾರೆ. ಮಗಳು ಕಾರಿನಲ್ಲಿ ಹಾಕಿದಳು. ಚೆನ್ನಾಗಿದೆ, ಆದರೆ ಬಹಳ ದುಃಖದ್ದು. ನಮ್ಮ ರೂಮು ಅಷ್ಟು ದುಃಖದ್ದಾಗಿರಲಿಲ್ಲ. ಗೊಂಬೆ ಕೂರಿಸಿದಾಗ ನೀವು ಪಂಚಿನ ಪುಡಿಗೆ ಬಣ್ಣ ಹಾಕಿ ರಂಗೋಲಿ ತುಂಬಿಸಿದ್ದು ಮರೆತಿರಾ?

ಹೊರಡುವಾಗ ಅವರು ಕೇಳಿದ್ದು ಒಂದೇ: ಭಾರತದ ಪೇ ರೋಲ್ ಕಾರ್ಡು ಒಂದಾದರೂ ಉಳಿದಿದೆಯೇ? ನೀವು ಖಾಲಿ ಕಾರ್ಡುಗಳ ಹಿಂದೆ ಹಾಲಿನ ಲೆಕ್ಕ ಬರೆಯುತ್ತಿದ್ದಿರಿ. ಅಟ್ಟದ ಟ್ರಂಕಿನಲ್ಲಿ ಹುಡುಕಿಸಿ, ತೂತು ಹೊಡೆದದ್ದೂ ಒಂದೆರಡು ಸಿಗಬಹುದು. ಸಿಕ್ಕರೆ ಮಡಿಸದೆ ಪುಸ್ತಕದೊಳಗಿಟ್ಟು ಕಳಿಸಿ. ಹಾಲಿನ ಲೆಕ್ಕ ಅಳಿಸುವುದು ಬೇಡ, ಅದೂ ಇರಲಿ ಅಂದಿದ್ದಾರೆ.

ನಿಮ್ಮ ತಂಗಿಯಂಥ,
ಮೂರನೇ ಮೇಜಿನವಳು